ಪ್ರಾಗ್ ನಗರದ ಗಡಿಯಾರದ ಮೇಲೆ ಶಿವಾಜಿನಗರದ ಖಾದರ್ ಸಲ್ಲಿಸುವ ದೂರು

ಪ್ರಾಗ್ ಮಹಾನಗರದ ಹಳೆಯ ಚೌಕದಲ್ಲಿ ಆರು ಶತಮಾನಗಳಿಂದ ನಿಂತಿರುವ ಖಗೋಳ ಗಡಿಯಾರದವರ ಸನ್ನಿಧಾನಕ್ಕೆ,

ಮಾನ್ಯರೇ,

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಲವತ್ತು ವರ್ಷಗಳಿಂದ ಗಡಿಯಾರ ರಿಪೇರಿ ಮಾಡುತ್ತಿರುವ ಖಾದರ್ ಮಾಡುವ ಸಲಾಮುಗಳು. ತಮ್ಮ ಮುಳ್ಳುಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮ ಕೆಟ್ಟದ್ದು ತಮ್ಮಿಂದಲೇ ಎಂದು ವಿನಯದಿಂದ ತಿಳಿಸುತ್ತೇನೆ.

ಕಲ್ಯಾಣ ನಗರದ ಒಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸುಗತ ಅವರು ಕಳೆದ ವರ್ಷ ತಮ್ಮ ದರ್ಶನ ಮಾಡಿ ಬಂದವರೇ, ಗೇಟಿನ ಮೇಲೆ ತಮ್ಮಂಥದ್ದೇ ಒಂದು ಗಡಿಯಾರ ಬೇಕೆಂದರು. ಫೋಟೋ ನೋಡಿ ಆರು ತಿಂಗಳು ಕೂತು ಮಾಡಿಕೊಟ್ಟೆ. ತಮ್ಮಲ್ಲಿರುವಂತೆ ಹಗ್ಗ ಎಳೆದು ಗಂಟೆ ಬಾರಿಸುವ ಅಸ್ಥಿಪಂಜರದ ಬೊಂಬೆಯನ್ನೂ ಬಿಡಲಿಲ್ಲ. ಉದ್ಘಾಟನೆಯ ದಿನ ಸುಗತ ಅವರು ತಮ್ಮ ಪ್ರಾಗ್ ಊರಿನ ಕತೆ ಹೇಳಿದರು: ತಮ್ಮನ್ನು ನಿರ್ಮಿಸಿದ ಹಾನುಷ್ ಎಂಬ ಮೇಸ್ತ್ರಿ ಬೇರೆಲ್ಲೂ ಇಂಥದ್ದನ್ನು ಮಾಡಬಾರದೆಂದು ನಗರಸಭೆಯವರು ಅವರ ಕಣ್ಣು ಕೀಳಿಸಿದರಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಿದ್ವಾಂಸರು ಹಳೆಯ ಕಾಗದ ಹುಡುಕಿ, ತಮ್ಮನ್ನು ಮಾಡಿದ್ದು ಹಾನುಷರೇ ಅಲ್ಲ, ಮಿಕುಲಾಶ್ ಎಂಬವರು ಎಂದಿದ್ದಾರೆಂದು ಕೇಳಿದ ಮೇಲೆ ನನ್ನ ನಗು ನಿಂತಿತು. ಕಣ್ಣು ಒಬ್ಬರದು, ಕೀರ್ತಿ ಇನ್ನೊಬ್ಬರದು. ತಮ್ಮದು ನಿಜಕ್ಕೂ ಸುಸಂಸ್ಕೃತ ನಗರ.

ಮರುವಾರವೇ ಸಂಘದವರು, ಇಂಥ ಗಡಿಯಾರ ಇನ್ನೆಲ್ಲೂ ಮಾಡುವುದಿಲ್ಲವೆಂದು ನನ್ನಿಂದ ಸಹಿ ಪಡೆದರು. ಹಿರಿಯರಿಗೆ ಎದೆ ಝಲ್ಲೆನ್ನುತ್ತದೆಂದು ಅಸ್ಥಿಪಂಜರವನ್ನು ಬಿಚ್ಚಿಸಿದರು. ಅದರೊಂದಿಗೆ ಗಂಟೆಯೂ ಮೂಕವಾಯಿತು. ಕೆಲಸ ಮುಗಿಯಿತಲ್ಲ ಎಂದು ನನ್ನ ಗೇಟ್ ಪಾಸನ್ನೂ ವಾಪಸು ಪಡೆದರು. ಕಣ್ಣು ಕೀಳಿಸಲಿಲ್ಲ, ಅಷ್ಟರ ಮಟ್ಟಿಗೆ ಕಲ್ಯಾಣ ನಗರ ತಮಗಿಂತ ಮುಂದುವರಿದಿದೆ. ಎಂಟು ದಿನಕ್ಕೊಮ್ಮೆ ಕೀಲಿ ಕೊಡಬೇಕೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಕೊನೆಯ ಸಲ ಕೀಲಿ ಕೊಟ್ಟ ಒಂಬತ್ತನೆಯ ದಿನ ಗಡಿಯಾರ ನಿಂತಿತು. ಸುಗತ ಅವರೇ ಅಂಗಡಿಗೆ ಬಂದು ಕರೆದೊಯ್ದರು. ಗೇಟಿನ ಬಳಿ ಸೇರಿದವರು, ಓಡಿದರೆ ಸಾಕು, ಆ ಎಲುಬಿನ ಗೂಡು ಮಾತ್ರ ಬೇಡವೆಂದು ಹೇಳುತ್ತಿರುವಾಗ, ಅಲ್ಲಿ ಮೆಟ್ಟಿಲು ಗುಡಿಸುವ ಕಲಬುರಗಿಯ ಹುಸೇನಮ್ಮ ಪೊರಕೆ ಕೆಳಗಿಟ್ಟರು.

“ಎಲುಬಾದ್ರ ಏನ್ರಿ, ಟೈಮಿಗಿ ಸರಿ ಗಂಟಿ ಹೊಡಿತಿತ್ತಲ್ಲ. ಅದ್ರ ಸಪ್ಪಳ ಕೇಳೇ ನಾ ಬಸ್ಸಿಗಿ ಹೋಗ್ತಿದ್ದೆ. ಈಗ ಎರಡ್ ಸಲ ಬಸ್ ತಪ್ಪೇದ.”

ಸುಗತ ಅವರು ಬಿಚ್ಚಿಟ್ಟಿದ್ದ ಎಲುಬಿನ ಗೂಡನ್ನು ತರಿಸಿದರು. ನಾನು ಅಸ್ಥಿಪಂಜರವನ್ನು ಅದರ ಜಾಗದಲ್ಲಿ ಕೂರಿಸಿ, ಕಾರ್ಯದರ್ಶಿಗಳು ಚಾಚಿದ ಕೈ ಕಾಣದವನಂತೆ ಕೀಲಿಯನ್ನು ಹುಸೇನಮ್ಮನಿಗೆ ಕೊಟ್ಟು, ತಿರುಗಿಸುವುದನ್ನು ಅವರೊಬ್ಬರಿಗೇ ಕಲಿಸಿದೆ. ಈಗ ಸಂಘದವರು ಅವರನ್ನು ‘ಹುಸೇನಮ್ಮನವರೇ’ ಎಂದು ಕರೆಯುತ್ತಾರೆ.

ಆದಕಾರಣ ತಾವು ದಯಮಾಡಿ ಆರು ನೂರು ವರ್ಷ ಹಿಂದಕ್ಕೆ ತಿರುಗಿ ಹಾನುಷರ ಕಣ್ಣುಗಳನ್ನು ಅವರಿಗೆ ಮರಳಿಸಬೇಕು. ಅದಾಗದಿದ್ದರೆ, ಆ ಕತೆ ಯಾವ ಕಾರ್ಯದರ್ಶಿಯ ಕಿವಿಗೂ ಬೀಳದಂತಾದರೂ ನೋಡಿಕೊಳ್ಳಬೇಕು.

ಸದ್ಯಕ್ಕೆ ಎರಡೂ ಕಣ್ಣುಳ್ಳ,
ತಮ್ಮ ವಿಶ್ವಾಸಿ,
ಖಾದರ್

ತಾ.ಕ.: ತಮ್ಮ ಪಕ್ಕದಲ್ಲಿ ಪೇಟ ತೊಟ್ಟ ತುರ್ಕಿಯೊಬ್ಬ ಗಂಟೆಗೊಮ್ಮೆ ‘ಇಲ್ಲ’ ಎಂದು ತಲೆಯಾಡಿಸುತ್ತಾನಂತೆ. ನನ್ನ ಅಳಿಯ ಸೈಫ್ ಕಲ್ಯಾಣ ನಗರದಲ್ಲಿ ಬಾಡಿಗೆ ಮನೆ ಕೇಳಿದಾಗ ಹಾಗೆ ತಲೆಯಾಡಿಸಿದ್ದು ಮನೆ ಮಾಲೀಕರು. ತಮ್ಮವನಾದರೋ ಮರದ ಬೊಂಬೆ. ಅವನ ಮೇಲೆ ನನ್ನ ದೂರೇನೂ ಇಲ್ಲ.