ಪಿಯಾನೋದವನು ಸುಮ್ಮನೆ ಕೂತ ಹೊತ್ತು

೧೯೮೩ರಲ್ಲಿ ನಾನು ಏಳನೆಯ ತರಗತಿಗೆ ಕೈಮುಗಿದು ಹೊರಬಂದೆ. ಅಂದಿನಿಂದ ಓದಿದವರನ್ನು ಕಂಡರೆ ನನಗೆ ಒಂದೇ ಯೋಚನೆ: ಇವರಿಗೆ ಫ್ಯೂಸ್ ಹಾಕಲು ಬರುವುದಿಲ್ಲ, ನನಗೆ ಬರುತ್ತದೆ. ಈ ಹೆಮ್ಮೆಯ ಮೇಲೆಯೇ ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ವೈರು ಎಳೆದೆ. ಲಿಂಗಂಪಲ್ಲಿಯ ಕಡೆ ಕಂಪ್ಯೂಟರಿನವರಿಗಾಗಿ ಫ್ಲ್ಯಾಟುಗಳು ಏಳತೊಡಗಿದ ಮೇಲೆ ಕೈಕೆಳಗೆ ಮೂವರಾದರು. ಮೂವರಿಗೂ ಕೆಲಸ ಬರುತ್ತದೆ, ನಾನು ಮಾಡಲು ಬಿಡುವುದಿಲ್ಲ, ಅಷ್ಟೆ. ಸ್ಕ್ರೂ ಅರ್ಧ ತಿರುಗುವಷ್ಟರಲ್ಲಿ ಸ್ಕ್ರೂಡ್ರೈವರ್ ಕಸಿದುಕೊಳ್ಳುತ್ತೇನೆ. ಮಾಮಾ ಇರೋತನಕ ನಾವು ಏಣಿ ಹಿಡಿಯೋರೇ ಎಂದು ಅವರಲ್ಲೊಬ್ಬ, ನನ್ನ ಭಾಮೈದ ಶರಣಪ್ಪ, ನನ್ನ ಹೆಂಡತಿಯ ಬಳಿ ದೂರಿದ್ದೂ ಆಗಿದೆ.

ಅಂಥದೊಂದು ಫ್ಲ್ಯಾಟಿನಲ್ಲಿ ಬೀದರಿನ ಸುನಂದಾ ಮೇಡಂ ಇದ್ದರು. ಗೋಡೆಯೊಳಗೆ ವೈರು ಹಾಯಿಸಿ ಎರಡು ಸ್ಪೀಕರ್ ಕೂಡಿಸಿಕೊಟ್ಟು, ನನ್ನ ಕನೆಕ್ಷನ್ ಕೆಟ್ಟರೆ ಧಂದೆಯನ್ನೇ ಬಿಡುತ್ತೇನೆ ಎಂದು ಎದೆ ತಟ್ಟಿಕೊಂಡೆ. ಪರೀಕ್ಷೆಗೆಂದು ಅವರು ಒಂದು ಸಿ.ಡಿ. ಹಾಕಿದರು. ಜಾಝ್ ಎಂಬ ಸಂಗೀತವಂತೆ. ಹೊದಿಕೆಯ ಮೇಲೆ ನಾಲ್ವರ ಚಿತ್ರ: ಪಿಯಾನೋ, ಸ್ಯಾಕ್ಸೊಫೋನ್, ಡ್ರಮ್ಮು, ಆಳೆತ್ತರದ ಪಿಟೀಲಿನಂಥದ್ದೊಂದು. ಪಿಯಾನೋದವನೇ ಯಜಮಾನ, ಆಲ್ಬಂ ಅವನ ಹೆಸರಿನದು.

ಎಡ ಸ್ಪೀಕರಿನಲ್ಲಿ ಪಿಯಾನೋ ಜೋರಾಗಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮಾಯ. ಬಲಗಡೆ ಉಳಿದ ಮೂವರು ಹಾಯಾಗಿ ನುಡಿಸುತ್ತಿದ್ದಾರೆ, ಎಡಗಡೆ ಸದ್ದಿಲ್ಲ. ನನ್ನ ಕನೆಕ್ಷನ್ನೇ ಕೆಟ್ಟಿತು ಎಂದುಕೊಂಡೆ. ಸ್ಟೂಲ್ ಹತ್ತಿ ಸ್ಪೀಕರಿನ ಮುಚ್ಚಳ ಬಿಚ್ಚಿದೆ. ತಂತಿ ಎರಡೂ ಬಿಗಿಯಾಗಿದ್ದವು. ಇಪ್ಪತ್ತು ವರ್ಷದ ಮಾನ ಸ್ಟೂಲಿನ ಮೇಲೆ ನಡುಗುತ್ತ ನಿಂತಿತ್ತು.

"ಅಣ್ಣಾರ, ಇಳೀರಿ. ಏನೂ ಕೆಟ್ಟಿಲ್ಲ," ಎಂದರು ಮೇಡಂ. "ಪಿಯಾನೋದವ್ರು ಸುಮ್ನ ಕುಂತಾರ."

"ಯಜಮಾನ್ರಾಗಿ ಸುಮ್ನ ಕುಂತು ಏನ್ ಮಾಡಾಕತ್ತಾರ್ರಿ?"

"ಕೇಳಾಕತ್ತಾರ."

ನಾನು ಸ್ಟೂಲಿನ ಮೇಲೆಯೇ ಕೂತೆ. ನಾನೂ ಕೇಳಿದೆ. ಆ ಮೂವರು ಎಲ್ಲೆಲ್ಲಿಗೋ ಹೋದರು, ದಾರಿ ತಪ್ಪಿದರು ಎನ್ನುವಷ್ಟರಲ್ಲಿ ತಿರುಗಿ ಬಂದರು. ಯಜಮಾನ ಬೆರಳೆತ್ತಲಿಲ್ಲ. ಆಮೇಲೆ ಪಿಯಾನೋದವನು ಒಂದೇ ಒಂದು ಸ್ವರ ಒತ್ತಿದ. ಕರೆಂಟು ಹೋದ ಓಣಿಯಲ್ಲಿ ಎಲ್ಲ ಮನೆಗಳ ದೀಪ ಒಟ್ಟಿಗೆ ಹತ್ತಿದ ಹಾಗಾಯಿತು. ನನ್ನ ಕಣ್ಣೇಕೆ ಒದ್ದೆಯಾಯಿತೋ ತಿಳಿಯಲಿಲ್ಲ. ಗೋಡೆ ಕೊರೆದ ಧೂಳು ಎಂದೆ. ಮೇಡಂ ನಂಬಿದಂತೆ ಮುಖ ಮಾಡಿ ಆ ಸಿ.ಡಿ.ಯನ್ನು ನನಗೇ ಕೊಟ್ಟುಬಿಟ್ಟರು.

ಮರುದಿನ ಮೆಹದಿಪಟ್ನಂನಲ್ಲಿ ಕೆಲಸ. ನಾನು ಕೈ ಹಿಂದೆ ಕಟ್ಟಿ ಮೂಲೆಯಲ್ಲಿ ಕೂತೆ. ಶರಣಪ್ಪ ಒಂದು ಸ್ವಿಚ್‌ಬೋರ್ಡ್ ಕೂಡಿಸಿದ. ಚೆನ್ನಾಗಿಯೇ ಕೂಡಿಸಿದ, ಸುಳ್ಳು ಹೇಳಬಾರದು. ಆಮೇಲೆ ಮೂವರೂ ಹತ್ತಿರ ಬಂದರು. ಶರಣಪ್ಪ ನನ್ನ ಹಣೆ ಮುಟ್ಟಿ ನೋಡಿ, "ಮಾಮಾ, ಮೈಯಾಗ ಹುಷಾರಿಲ್ಲೇನ್ರಿ?" ಎಂದ. ಇಲ್ಲಪ್ಪಾ, ಕೇಳಾಕತ್ತೀನಿ ಎಂದೆ. ಅವರಿಗೆ ಇನ್ನೂ ಗಾಬರಿಯಾಯಿತು. ಅಷ್ಟರಲ್ಲಿ ಅವರು ಅರ್ಧಕ್ಕೆ ಬಿಟ್ಟುಬಂದ ಎರಡನೆಯ ಬೋರ್ಡಿನ ಸ್ಕ್ರೂ ಕೂದಲೆಳೆಯಷ್ಟು ವಾರೆಯಾದದ್ದು ಕಾಣಿಸಿತು. ಕೈ ತಾನಾಗಿಯೇ ಹೋಯಿತು.

ಈಗ ನನ್ನ ಬಳಿ ಇರುವುದು ಇಷ್ಟು: ಕೆಲಸಗಾರರು ಮೂವರು, ಡ್ರಿಲ್ಲು ಎರಡು, ಏಣಿ ಒಂದು, ಸಿ.ಡಿ. ಒಂದು. ಸುಮ್ಮನೆ ಕೂತದ್ದು, ಇಲ್ಲಿಯವರೆಗೆ ಒಟ್ಟು, ಹತ್ತು ನಿಮಿಷ.