ಸಂತೆಮರಹಳ್ಳಿಯಲ್ಲಿ ಇಥಿಯೋಪಿಯಾ

ಜೀವಮಾನವಿಡೀ ಕಾರ್ಖಾನೆಯ ಗೇಟು ಕಾಯ್ದವನಿಗೆ ನಿವೃತ್ತಿಯಾದ ಮೇಲೆ ಕಾಯಲು ಉಳಿಯುವುದು ಹೆಂಡತಿ ಒಬ್ಬಳೇ. ಚಾಮರಾಜನಗರದ ಕುಮಾರಸ್ವಾಮಿಯವರು ಆ ಕೆಲಸವನ್ನು ಒಂದು ದಿನವೂ ರಜೆ ಹಾಕದೆ ಮಾಡುತ್ತಿದ್ದರು. ಗುರುಮಲ್ಲಮ್ಮ ಅಂಗಡಿಗೆ ಹೊರಟರೆ "ಎಲ್ಲಿಗೆ?", ಬಂದರೆ "ಯಾಕಿಷ್ಟೊತ್ತು?", ಹೋಗದೆ ಕೂತರೆ "ಯಾಕೆ ಓಗ್ನಿಲ್ಲ?" (ಕಾರ್ಖಾನೆಯ ಲಾರಿಗಳಿಗಾದರೂ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ತಪಾಸಣೆ. ಗುರುಮಲ್ಲಮ್ಮನಿಗೆ ಅಡುಗೆಮನೆಯಿಂದ ಹಿತ್ತಲಿಗೆ ಹೋದರೂ ತಪಾಸಣೆ.)

ಇಂಥ ಮನೆಗೆ ಒಂದು ದಿನ ಇಥಿಯೋಪಿಯಾದಿಂದ ಫೋನು ಬಂತು. ಅಳಿಯ ಸೋಮೇಶ್ ಅಲ್ಲಿ ಗುಲಾಬಿ ತೋಟವೊಂದರಲ್ಲಿ ಮ್ಯಾನೇಜರು. ಮಗಳು ಬಿಂದುಶ್ರೀ ತುಂಬಿದ ಬಸುರಿ. ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ಅಮ್ಮನೇ ಅಲ್ಲಿಗೆ ಹೋಗಬೇಕು.

"ನಿಮ್ಮಮ್ಮ ಒಬ್ಳೇ? ಸಾಧ್ಯವೇ ಇಲ್ಲ. ನಾನೂ ಬತ್ತೀನಿ" ಎಂದರು ಕುಮಾರಸ್ವಾಮಿ. ಅವರನ್ನು ಯಾರೂ ಕರೆದಿರಲಿಲ್ಲ. ಆದರೆ ಗೇಟಿನವರನ್ನು ಯಾರು ತಾನೇ ಕರೆಯುತ್ತಾರೆ?

ಆ ದೇಶದ ಕೆಲವು ಕಡೆ ಗಲಾಟೆಯಿದೆ, ಹೋಗುವವರು ಎಚ್ಚರವಾಗಿರಿ ಎಂಬ ಸರ್ಕಾರದ ಸೂಚನೆಯನ್ನು ಅವರು ಮೊಬೈಲಿನಲ್ಲಿ ಓದಿದರು. ಓದಿ ಹೆದರಲಿಲ್ಲ, ಹಿಗ್ಗಿದರು. ಬಹಳ ದಿನಗಳಿಂದ ಯಾರೂ ಅವರಿಂದ ರಕ್ಷಣೆ ಕೇಳಿರಲಿಲ್ಲ. ಮರುದಿನದಿಂದಲೇ ಮನೆಯಲ್ಲಿ ಭದ್ರತಾ ಶಿಬಿರ ಶುರುವಾಯಿತು. ಒಡವೆ ಹಾಕಬಾರದು. ಎದ್ದು ಕಾಣುವಂತೆ ಇರಬಾರದು. ತನ್ನ ವಿಚಾರ ಯಾರಿಗೂ ಬಾಯಿ ಬಿಡಬಾರದು. ಒಬ್ಬಳೇ ಇದ್ದೇನೆ ಎಂದು ಹೇಳಲೇಬಾರದು. ಜೊತೆಯವರು ಇಲ್ಲೇ ಇದ್ದಾರೆ ಅನ್ನಬೇಕು. ಜನ ಗುಂಪುಗೂಡಿದರೆ ಬಾಗಿಲು ಹಾಕಿಕೊಂಡು ಉಸಿರೆತ್ತದೆ ಕೂರಬೇಕು.

"ನಾ ಓಯ್ತಿರದು ಮಗಳ ತಾವ್ಕಾ, ಯುದ್ಧಕ್ಕಾ?" ಎಂದರು ಗುರುಮಲ್ಲಮ್ಮ, ಮುದ್ದೆ ತೊಳಸುತ್ತಾ.

"ನಗು ನಗು. ಅಲ್ಲಿ ಯಾರಾರ ಕತ್ತಿನ್ ಸರಕ್ಕೆ ಕೈ ಹಾಕ್ದಾಗ ಗೊತ್ತಾಯ್ತದೆ. ಬಾಯಲ್ಲಿ ಹೇಳುದ್ರೆ ನಿನ್ ತಲೆಗೆ ಹತ್ತಲ್ಲ. ಸಂತೆಮರಹಳ್ಳಿ ಸಂತೆಗೆ ಹೋಗನ. ಅದೇ ಇಥಿಯೋಪಿಯಾ ಅಂದ್ಕೊ."

ಸಂತೆಯ ದಿನ ಅಭ್ಯಾಸ ನಡೆಯಿತು. ತಾಳಿ ಬಿಚ್ಚಿಡು ಎಂದಾಗ ಮಾತ್ರ ಗುರುಮಲ್ಲಮ್ಮ ಸೌಟು ಕೆಳಗಿಟ್ಟರು.

"ನಿಮ್ ಬಾಯಲ್ಲಿ ಒಳ್ಳೆ ಮಾತು ಬರಕ್ಕಿಲ್ವಾ? ಗಂಡ ಗುಂಡುಕಲ್ಲಿನಂಗೆ ಕೂತಿರೋವಾಗ ತಾಳಿ ಬಿಚ್ಚಾದಾ?"

"ಗುಂಡುಕಲ್ಲೇ ಹೇಳ್ತಾವ್ನಲ್ಲ, ಬಿಚ್ಚು. ಕಾಲುಂಗ್ರನೂವೆ. ಬಳೆನೂವೆ. ಆ ರೂಪಾಯಿ ಅಗಲದ ಕುಂಕುಮ ಒಂದ್ ಮೈಲಿಗೆ ಕಾಣ್ತದೆ, ಅಳಿಸು. ವಿಭೂತಿ ಇದ್ರೆ ಸಾಕು."

ಹೀಗೆ ಬೋಳು ಕತ್ತು, ಬೋಳು ಕೈ, ಬಣ್ಣಗೆಟ್ಟ ಸೀರೆ, ಹಣೆಗೆ ಬರೀ ವಿಭೂತಿಯೊಂದಿಗೆ ಗುರುಮಲ್ಲಮ್ಮ ಸಂತೆಮರಹಳ್ಳಿಯಲ್ಲಿ ಬಸ್ಸಿಳಿದರು. ಕುಮಾರಸ್ವಾಮಿಯವರು ತಲೆಗೆ ಟವೆಲ್ ಸುತ್ತಿಕೊಂಡು, ಸಂಬಂಧವೇ ಇಲ್ಲದವರಂತೆ ದೂರದಿಂದ ಹಿಂಬಾಲಿಸಿದರು. ಫೋನು ಕಳುವಾದರೆ ಬದುಕುವುದು ಹೇಗೆ ಎಂಬ ಅಭ್ಯಾಸಕ್ಕಾಗಿ ಇಬ್ಬರ ಫೋನನ್ನೂ ಆಗಲೇ ಆಫ್ ಮಾಡಿ ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದರು.

ಒಣಮೆಣಸಿನಕಾಯಿ ಸಾಲಿನಲ್ಲಿ ಘಾಟಿಗೆ ಗುರುಮಲ್ಲಮ್ಮನ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಎದುರಿಗೆ ಬಂದವರು ಹರವೆಯ ದುಂಡಮ್ಮ, ಗುರುಮಲ್ಲಮ್ಮನ ಸೋದರತ್ತೆ. ಅವರು ಸೋದರಸೊಸೆಯ ಕತ್ತು ನೋಡಿದರು, ಕೈ ನೋಡಿದರು, ಹಣೆ ನೋಡಿದರು. ಕೈಯಲ್ಲಿದ್ದ ಚೀಲ ಜಾರಿತು.

"ಅಯ್ಯೋ ಗುರುಮಲ್ಲಿ! ಇದೇನಮ್ಮಿ ಇದು? ಯಾವಾಗಮ್ಮಿ?"

ಗುರುಮಲ್ಲಮ್ಮ ಹಿಂದಕ್ಕೆ ತಿರುಗಿದರು. ಈರುಳ್ಳಿ ರಾಶಿಯ ಮರೆಯಿಂದ ಕುಮಾರಸ್ವಾಮಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

"ಈಗ ಏನೂ ಕೇಳ್ಬ್ಯಾಡಿ ಅತ್ತೆ. ನಾ ಹೇಳಂಗಿಲ್ಲ."

"ಹಿಂಗೆ ಒಬ್ಳೇ ಬಂದಿದ್ದೀಯಲ್ಲಮ್ಮಿ..."

"ಒಬ್ಳೇ ಅಲ್ಲ ಅತ್ತೆ. ಅವ್ರು ನನ್ ಜೊತೇಲೇ ಅವ್ರೆ" ಎಂದು ಕಣ್ಣೊರೆಸಿಕೊಂಡರು ಗುರುಮಲ್ಲಮ್ಮ. "ನಿಮ್ಗೆ ಕಾಣಕ್ಕಿಲ್ಲ, ಅಷ್ಟೆ."

ದುಂಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಸಂತೆ ಬಿಟ್ಟೇ ಹೊರಟುಹೋದರು. ಮನೆಗೆ ಬಂದ ಮೇಲೆ ಕುಮಾರಸ್ವಾಮಿಯವರು, ಮದುವೆಯಾದಾಗಿನಿಂದ ಇದೇ ಮೊದಲ ಬಾರಿಗೆ, ಹೆಂಡತಿಯ ಬೆನ್ನು ತಟ್ಟಿದರು. "ಬಾಯೇ ಬಿಡ್ನಿಲ್ಲ ನೋಡು! ಪಾಸು! ನಾಳೆನೂ ಹಿಂಗೇ ಇರು, ಫೋನೂ ಬೀರುನಲ್ಲೇ ಇರ್ಲಿ."

ಮರುದಿನ ಬೆಳಿಗ್ಗೆ ಗುರುಮಲ್ಲಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು. ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಕುಮಾರಸ್ವಾಮಿ ಕಿಟಕಿಯ ಸಂದಿನಿಂದ ನೋಡಿದರು: ಜನ, ಗುಂಪು! ಶಿಬಿರದ ನಿಯಮದಂತೆ ಚಿಲಕ ಹಾಕಿ ಗೋಡೆಗೆ ಒರಗಿ ಉಸಿರು ಬಿಗಿಹಿಡಿದರು. ಆಮೇಲೆ ಮುಖಗಳ ಗುರುತು ಸಿಕ್ಕಿತು. ದುಂಡಮ್ಮ, ಅವರ ಹಿಂದೆ ಹರವೆಯ ನಾಲ್ಕಾರು ಹೆಂಗಸರು, ಹಂಗಳದಿಂದ ಬಂದ ಗುರುಮಲ್ಲಮ್ಮನ ತಮ್ಮ ರಾಜಣ್ಣ. ರಾಜಣ್ಣನ ಕೈಯಲ್ಲಿ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ದಪ್ಪನೆಯ ಚೆಂಡುಹೂವಿನ ಹಾರ.

"ಫೋನೂ ಆಫ್ ಕಣತ್ತೆ, ಇಬ್ರುದೂವೆ. ಆಗ್ಲೇ ಎತ್ತುದ್ರೋ ಏನೋ, ಮುಖ ನೋಡಕ್ಕೂ ಸಿಕ್ನಿಲ್ಲ" ಎಂದು ರಾಜಣ್ಣ ಜಗುಲಿಯ ಮೇಲೆ ಕೂತ.

ಸತ್ತವನು ತಾನು ಎಂದು ಕುಮಾರಸ್ವಾಮಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ತಕ್ಷಣ ಬಾಗಿಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ತನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ಯಾರನ್ನು ಬಿಟ್ಟಿದೆ?

"ಒಳ್ಳೇವ್ರೇ" ಎಂದ ರಾಜಣ್ಣ. ಕುಮಾರಸ್ವಾಮಿ ಕಿವಿಯನ್ನು ಕಿಟಕಿಗೆ ಒತ್ತಿದರು. "ಆದ್ರೆ ನಿಂತ್ರೆ ತಪ್ಪು, ಕೂತ್ರೆ ತಪ್ಪು ಅಂತಿದ್ರು. ಅವ್ವ ಆಸ್ಪತ್ರೇಲಿದ್ದಾಗ್ಲೂ ಅಕ್ಕನ್ನ ಹೊತ್ತು ಮುಳುಗದ್ರೊಳ್ಗೆ ವಾಪಸ್ ಕರ್ಕೊಂಡೋದ್ರು."

"ಒಂದ್ ಹಬ್ಬಕ್ಕೆ ಕಳಿಸ್ನಿಲ್ಲ ಕಣಪ್ಪ" ಎಂದರು ದುಂಡಮ್ಮ. "ಸತ್ತೋರ ಬಗ್ಗೆ ಆಡ್ಬಾರ್ದು. ಆದ್ರೂ ನಮ್ ಹುಡುಗಿ ನಗ್ನಗ್ತಾ ಓಗಿತ್ತು ಈ ಮನೆಗೆ. ಆ ನಗುನ ಎಲ್ಲಿಟ್ನೋ ಅವ್ನು."

ಯಾರೂ ಅಳುತ್ತಿರಲಿಲ್ಲ. ಒಬ್ಬಳಂತೂ ಪಕ್ಕದವಳಿಗೆ ಎಲೆ ಅಡಿಕೆ ಕೊಡುತ್ತಿದ್ದಳು.

ಅಷ್ಟರಲ್ಲಿ ಗುರುಮಲ್ಲಮ್ಮ ಹಿಟ್ಟಿನ ಡಬ್ಬ ಸೊಂಟಕ್ಕಿಟ್ಟುಕೊಂಡು ಬಂದರು. ಅಭ್ಯಾಸ ಇನ್ನೂ ಮುಗಿಯದಿದ್ದರಿಂದ ಕತ್ತು ಬರಿದೇ ಇತ್ತು. ದುಂಡಮ್ಮ ಎದ್ದು ತಬ್ಬಿಕೊಂಡರು. "ಆದದ್ದಾಯ್ತು ಕಣಮ್ಮಿ. ಇನ್ನಾದ್ರೂ ಮಗಳ ತಾವ್ಕೋಗಿ ನೆಮ್ಮದಿಯಾಗಿರು. ಹೆಂಗಸಾಗಿ ನೀ ಪಟ್ಟಿದ್ದು ಸಾಕು."

ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕುಮಾರಸ್ವಾಮಿ ಸಂದಿಗೆ ಕಣ್ಣಿಟ್ಟು ಕಾದರು. ಗುರುಮಲ್ಲಮ್ಮ ಡಬ್ಬ ಕೆಳಗಿಟ್ಟರು. ಹಾರ ನೋಡಿದರು. ಮುಚ್ಚಿದ ಬಾಗಿಲನ್ನೂ ನೋಡಿದರು. ಆಮೇಲೆ ಅತ್ತೆಯ ಪಕ್ಕದಲ್ಲಿ ಕೂತು, ಮೆಲ್ಲಗೆ "ಇನ್ನೇನೇನ್ ಅಂತಿದ್ರಿ?" ಎಂದರು.

ಕುಮಾರಸ್ವಾಮಿ ಚಿಲಕ ಕಿತ್ತು ಹೊರಗೆ ಬಂದರು. ದುಂಡಮ್ಮ "ಶಿವನೇ!" ಎಂದು ಜಗುಲಿಯಿಂದ ಹಾರಿದರು. ಎಲೆ ಅಡಿಕೆಯವಳು ನುಂಗಬಾರದ್ದನ್ನು ನುಂಗಿ ಕೆಮ್ಮಿದಳು. ವಿಷಯ ತಿಳಿದ ಮೇಲೆ ರಾಜಣ್ಣ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅತ್ತಿತ್ತ ನೋಡಿ, "ಫಾರಿನ್‌ಗೆ ಓಯ್ತಿದ್ದೀರಲ್ಲ ಭಾವ" ಎಂದು ಅವರ ಕೊರಳಿಗೇ ಹಾಕಿದ. ಎಲ್ಲರೂ ಕಾಫಿ ಕುಡಿದು ಹೋದರು. ಬದುಕಿದ್ದೀರಲ್ಲ, ಸಂತೋಷ ಎಂದು ಮಾತ್ರ ಯಾರೂ ಹೇಳಲಿಲ್ಲ.

"ಬಂದ್ ತಕ್ಷಣ ಹೇಳಕ್ಕೇನಾಗಿತ್ತು ನಿಂಗೆ?" ಎಂದು ಸಂಜೆ ಗುಡುಗಿದರು ಕುಮಾರಸ್ವಾಮಿ.

"ಯಾರ್ಗೂ ಏನೂ ಹೇಳ್ಬ್ಯಾಡ ಅಂದವ್ರು ನೀವೇ."

"ಆಟ ಆಡ್ಬ್ಯಾಡ. ಬಾಗ್ಲಿಂದೆ ನಾನಿರದು ಗೊತ್ತಿತ್ತು ತಾನೆ?"

"ಗೊತ್ತಿತ್ತು." ಗುರುಮಲ್ಲಮ್ಮ ತಾಳಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಕೊಂಡಿ ಸಿಗಲು ತಡವಾಯಿತು. "ನನ್ ಪರ್ವಾಗಿ ಯಾರಾರ ಮಾತಾಡದ ನಾ ಕೇಳೇ ಇರ್ನಿಲ್ಲ. ಇನ್ನೊಸಿ ಕೇಳನ ಅನ್ನಿಸ್ತು. ನೀವು ಬಾಗ್ಲು ತೆಗುದ್ಬುಟ್ರಿ."

ಕುಮಾರಸ್ವಾಮಿಯವರು ಎಂದಿನಂತೆ ಟಿವಿ ಜೋರು ಮಾಡಿದರು.

ಸುದ್ದಿ ಇಥಿಯೋಪಿಯಾ ತಲುಪಿತು. ಬಿಂದುಶ್ರೀ ಫೋನಿನಲ್ಲಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. "ಅಪ್ಪಾ, ಅಮ್ಮ ಒಬ್ಳೇ ಬರ್ಲಿ. ಇಲ್ಲಿ ತೋಟದ ಗೇಟಲ್ಲಿ ಕಾವಲ್ನೋರು ಬಂದೂಕು ಹಿಡ್ಕಂಡು ನಿಂತಿರ್ತಾರೆ. ನೀನು ಬಂದು ಅವ್ರಿಗೆ ಕೆಲ್ಸ ಕಲಿಸಕ್ಕೆ ಓಯ್ತೀಯ. ಅವ್ರು ನನ್ನಂಗೆ ಸುಮ್ನಿರಲ್ಲ."

ಹೀಗೆ ಗುರುಮಲ್ಲಮ್ಮ, ಅದೇ ತೋಟಕ್ಕೆ ಹೊರಟಿದ್ದ ಮೈಸೂರಿನ ದಂಪತಿಯ ಜೊತೆಗೆ, ತಾಳಿ ಹಾಕಿಕೊಂಡೇ ವಿಮಾನ ಹತ್ತಿದರು. ಅಲ್ಲಿ ತೋಟದ ಗಾಡಿಯಲ್ಲೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಅಳಿಯ ಬೇಡ ಎಂದ ಕಡೆ ಕಾಲಿಡುತ್ತಿರಲಿಲ್ಲ, ಕತ್ತಲಾಗುವ ಮುಂಚೆ ಮನೆ ಸೇರುತ್ತಿದ್ದರು. ಬಂದೂಕಿನವರಿಗೆ ಕೋಡುಬಳೆ ಮಾಡಿಕೊಟ್ಟರಂತೆ. ಹೆಣ್ಣುಮಗು ಹುಟ್ಟಿತು. ಫೋಟೋದಲ್ಲಿ ಗುರುಮಲ್ಲಮ್ಮ ಹಲ್ಲು ಕಾಣುವಂತೆ ನಗುತ್ತಿದ್ದರು. ಕುಮಾರಸ್ವಾಮಿ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದರು, ಮಗುವಿನ ಕಡೆಯನ್ನಲ್ಲ.

ಮೂರು ತಿಂಗಳು ಎಂದು ಹೋದವರು ಬರುವ ಮಾತೆತ್ತಲಿಲ್ಲ. ತಾವೇ ಮಾಡಿಕೊಂಡ ಉಪ್ಪಿಟ್ಟು ತಿಂದು ತಿಂದು ಸಣ್ಣಗಾದ ಕುಮಾರಸ್ವಾಮಿ ಕಡೆಗೊಮ್ಮೆ ತಾವೇ ಕೇಳಿದರು.

"ಅಲ್ಲಿ ಗಲಾಟೆ ಏನಾರ ಅದಾ?"

"ಇಲ್ಲ."

"ವಿಮಾನ ನಿಂತವಾ?"

"ದಿನಾ ಓಯ್ತಾವೆ. ನೆತ್ತಿ ಮ್ಯಾಲೇ ಓಯ್ತಾವೆ."

"ಮತ್ತೆ ಬರಕ್ಕೇನು ನಿಂಗೆ?"

ಆ ಕಡೆ ಮಗು ಅತ್ತಿತು. ಗುರುಮಲ್ಲಮ್ಮ ಅದನ್ನು ಸಮಾಧಾನ ಮಾಡಿ, ನಿಧಾನವಾಗಿ ಫೋನಿಗೆ ಬಂದರು.

"ಪರಿಸ್ಥಿತಿ ಇನ್ನೂ ಸರ್ಯಾಗಿಲ್ಲ ಅನ್ನಿಸ್ತದೆ. ಒಸಿ ತಿಳಿಯಾಗ್ಲಿ, ನೋಡ್ಕಂಡು ಬತ್ತೀನಿ."

"ಏನೂ ಇಲ್ಲ ಅಂತ ಈಗ ತಾನೆ ನೀನೇ ಅಂದ್ಯಲ್ಲ!"

"ಇಲ್ಲೇನೂ ಇಲ್ಲ ಕಣ್ರೀ" ಎಂದರು ಗುರುಮಲ್ಲಮ್ಮ. "ನಾ ಹೇಳ್ತಿರದು ಚಾಮರಾಜನಗರದ್ದು."