ಜೋಳ, ರಾಗಿ ಮತ್ತು ಗ್ರೀಕ್ ಸಂಧಾನ

ಪುಣೆಯ ಆ ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಕಾರಣ ಹಿಟ್ಟು. ಅಫಜಲಪುರದಿಂದ ಬಂದಿದ್ದ ಮಹಾಲಿಂಗನ ತಾಯಿ ಶರಣಮ್ಮ, ತಮ್ಮ ಹೊಲದ ಜವಾರಿ ಬಿಳಿಜೋಳ ಬಿಟ್ಟು ಬೇರೆ ಯಾವುದನ್ನೂ ಊಟವೆಂದು ಒಪ್ಪುವವಳಲ್ಲ. ಅವನ ಹೆಂಡತಿ, ಮಂಡ್ಯದ ಇಂದೂಗೆ ಅಪ್ಪ ಬೆಳೆದ ನಾಟಿ ರಾಗಿಯೇ ಸಾಕ್ಷಾತ್ ಅನ್ನಪೂರ್ಣೆ. (ಜವಾರಿ ಎಂದರೂ ನಾಟಿ ಎಂದರೂ ಒಂದೇ ಎಂದು ಮಹಾಲಿಂಗ ಒಮ್ಮೆ ವಿವರಿಸಲು ಹೋಗಿ ಎರಡೂ ಕಡೆಯಿಂದ ಬೈಸಿಕೊಂಡಿದ್ದ.) "ಮುದ್ದಿ ನುಂಗೂದು ಊಟ ಅಲ್ಲ, ಗುಳಿಗಿ ತಗೊಂಡಂಗ" ಎಂದು ಶರಣಮ್ಮ ಅಂದದ್ದೇ ತಡ, ಗ್ಯಾಸಿನ ಒಲೆ ಎರಡು ರಾಜ್ಯವಾಯಿತು. ಎಡದ ಉರಿ ಜೋಳಕ್ಕೆ, ಬಲದ್ದು ರಾಗಿಗೆ.

ಶನಿವಾರ ಶರಣಮ್ಮ ಚೀಲ ಕಟ್ಟಿದಳು.

"ನಾಳಿ ಸಂಜಿ ಗಾಡಿಗಿ ಹೊಂಟೀನಿ. ಮತ್ತ ಕರೀಬ್ಯಾಡ."

ಒಳಗಿನಿಂದ ಇಂದೂ ಹೇಳಿದಳು: "ರೀ, ನಾನೂ ನಮ್ಮಣ್ಣನ ಮನೆಗೆ ಹೋಗ್ತೀನಿ. ನೀವೊಬ್ರೇ ಆರಾಮಾಗಿರಿ."

ಚಾಕಣದ ಕಾರ್ಖಾನೆಯಲ್ಲಿ ಮಹಾಲಿಂಗ ಗುಣಮಟ್ಟ ಪರೀಕ್ಷಕ. ಕೂದಲೆಳೆಯಷ್ಟು ಅಳತೆ ತಪ್ಪಿದ ಬಿಡಿಭಾಗವನ್ನೂ ವಾಪಸು ಕಳಿಸುವವ. ಮನೆಯಲ್ಲಿ ಮಾತ್ರ ವಾಪಸಾಗುವ ಮಾಲು ಅವನೇ. ಯೋಚಿಸುತ್ತ ಫ್ರಿಜ್ಜು ತೆರೆದವನಿಗೆ ಆಲಿವ್ ಕಾಯಿ, ಚೀಸು ಕಣ್ಣಿಗೆ ಬಿದ್ದವು. ಅವನ್ನು ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಗ್ರೀಸ್ ದೇಶದ ಎಂಜಿನಿಯರ್ ಹೋಗುವಾಗ ಕೊಟ್ಟಿದ್ದ. ಅವರ ರೊಟ್ಟಿ 'ಪೀಟಾ' ಮಾಡುವ ಕ್ರಮವನ್ನೂ ಬರೆದುಕೊಟ್ಟಿದ್ದ. ಮಹಾಲಿಂಗನಿಗೆ ಜ್ಞಾನೋದಯವಾಯಿತು. ಗ್ರೀಸಿಗೆ ಅಫಜಲಪುರವೂ ಒಂದೇ, ಮಂಡ್ಯವೂ ಒಂದೇ. ಅರ್ಧ ಜೋಳ, ಅರ್ಧ ರಾಗಿ ಹಾಕಿ ಗ್ರೀಕರ ಅಡಿಗೆ ಮಾಡಿದರೆ ಯಾರು ತಕರಾರು ತೆಗೆದಾರು?

ಭಾನುವಾರ ಬೆಳಿಗ್ಗೆ ಅಡಿಗೆಮನೆ ಅವನ ವಶವಾಯಿತು. ಹೆಂಗಸರಿಬ್ಬರೂ ಹೊರಕೋಣೆಯ ಎರಡು ಮೂಲೆ ಹಿಡಿದರು. ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ ಸೇರಿಸಿ ಪೀಟಾ ಅದ್ದಿ ತಿನ್ನುವ ಗ್ರೀಕರ ಪಚಡಿ ಮಾಡಿದ. ಅದಕ್ಕೆ ಕರಿಬೇವಿನ ಒಗ್ಗರಣೆ ಮಂಡ್ಯದ ಪಾಲಿಗೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಅಫಜಲಪುರದ ಪಾಲಿಗೆ. ಹಿಟ್ಟನ್ನು ಚಮಚ ಎಣಿಸಿ ಸಮ ಹಾಕಿದ. ಆದರೆ ಪೀಟಾ ಉಬ್ಬಲಿಲ್ಲ. ಬೇಸಿಗೆಯ ಕೆರೆಯಂಗಳದಂತೆ ಬಿರಿಯಿತು. ಎರಡನೆಯ ಸಲವೂ ಬಿರಿಯಿತು. ಮೂರನೆಯದು ಹಂಚಿನ ಮೇಲೇ ಪುಡಿಯಾಯಿತು. ಗಂಟೆ ಹನ್ನೆರಡಾಗಿತ್ತು. ಗಾಡಿ ಐದಕ್ಕೆ.

"ಕೊತ್ತಂಬರಿ ತರ್ತೀನಿ" ಎಂದು ಕೆಳಗಿಳಿದವನು ಅರ್ಧ ಕಿಲೋ ಮೈದಾ ತಂದ, ಅಂಗಿಯೊಳಗೆ. ಅದನ್ನು ಜೋಳ-ರಾಗಿ ಹಿಟ್ಟಿಗೆ ಬೆರೆಸಿ, ಪೊಟ್ಟಣ ಬಚ್ಚಿಟ್ಟ. ಈಗ ಪೀಟಾಗಳು ಬಲೂನಿನಂತೆ ಉಬ್ಬಿದವು.

ಬಡಿಸಿದ. ಇಬ್ಬರೂ ತಿನ್ನತೊಡಗಿದರು. ಮಹಾಲಿಂಗ ಒಂದು ಮುಖದಿಂದ ಇನ್ನೊಂದಕ್ಕೆ ನೋಡುತ್ತ ನಿಂತ.

ಅಗಿಯುತ್ತಿದ್ದ ಇಂದೂ ನಿಲ್ಲಿಸಿದಳು. ಹನ್ನೊಂದು ದಿನದ ನಂತರ ಮೊದಲ ಬಾರಿ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ನಿಮಗೂ ಹಲ್ಲಿಗೆ ಅಂಟ್ತಿದ್ಯಾ?"

ಶರಣಮ್ಮ ನಾಲಿಗೆಯಿಂದ ಹಲ್ಲು ಸವರಿಕೊಂಡಳು. "ಹೌದವ್ವಾ. ಜ್ವಾಳ ಹಿಂಗ ಅಂಟಂಗಿಲ್ಲ."

"ರಾಗಿನೂ ಅಂಟಲ್ಲ."

ಇಬ್ಬರೂ ಒಟ್ಟಿಗೆ ಎದ್ದರು. ಸಿಲಿಂಡರಿನ ಹಿಂದಿನಿಂದ ಪೊಟ್ಟಣ ಹೊರಬರಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಬಜಾರದ ಮೈದಾ. ಇಂವ ಸಣ್ಣಾವಿದ್ದಾಗೂ ಬೆಲ್ಲ ಕದ್ದು, ಇರಿವಿ ತಿಂದ್ವು ಅಂತಿದ್ದ" ಎಂದಳು ಶರಣಮ್ಮ.

"ಈಗಲೂ ಹಂಗೇ ಅತ್ತೆ. ಮೊನ್ನೆ ಹಾಲು ಉಕ್ಕಿಸಿ, ಬೆಕ್ಕು ಚೆಲ್ಲಿತು ಅಂದ್ರು. ನಾವು ಬೆಕ್ಕೇ ಸಾಕಿಲ್ಲ."

ಶರಣಮ್ಮ ನಕ್ಕಳು. ಇಂದೂವೂ ನಕ್ಕಳು. ಮುಂದಿನ ಅರ್ಧ ಗಂಟೆ ಮಹಾಲಿಂಗನ ಮೂವತ್ತೆಂಟು ವರ್ಷಗಳ ಅಪರಾಧಚರಿತ್ರೆಯ ಪಾರಾಯಣವಾಯಿತು.

"ನಾ ಊರಿಗಿ ಹೋಗಂಗಿಲ್ಲ. ಇವನ ಮ್ಯಾಲ ಕಣ್ಣಿಡ್ಲಾಕ ಒಬ್ಬಾಕಿ ಸಾಲಂಗಿಲ್ಲ" ಎಂದಳು ಶರಣಮ್ಮ.

"ಬನ್ನಿ ಅತ್ತೆ, ಕೆಳಗಿನ ಹೋಟೆಲಲ್ಲಿ ಮಿಸಳ್ ತಿನ್ನೋಣ."

ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಮಹಾಲಿಂಗನನ್ನು ಯಾರೂ ಕರೆಯಲಿಲ್ಲ. ಹೋಗಲಿ, ಮನೆ ಉಳಿಯಿತಲ್ಲ ಎಂದು ಉಸಿರುಬಿಟ್ಟು, ಮಿಕ್ಕ ಹದಿನಾಲ್ಕು ಪೀಟಾಗಳನ್ನು ಕಸದ ಬುಟ್ಟಿಯತ್ತ ಒಯ್ದ. ಫೋನು ಬಂತು.

"ಚೆಲ್ಲಬ್ಯಾಡ" ಎಂದಿತು ತಾಯಿಯ ದನಿ. "ಅದ್ರಾಗ ನಮ್ಮ ಹೊಲದ ಜ್ವಾಳ ಅದ."

"ನಮ್ಮಪ್ಪನ ರಾಗಿನೂ ಇದೆ" ಎಂದು ಪಕ್ಕದಿಂದ ಇಂದೂ ಸೇರಿಸಿದಳು. "ನಾವು ಬರೋದ್ರೊಳಗೆ ತಿಂದು ಮುಗಿಸಿರಿ."

ಮಹಾಲಿಂಗ ತಟ್ಟೆ ಎಳೆದುಕೊಂಡು ಕೂತ. ಆಗಲೇ ತಣ್ಣಗಾಗಿದ್ದ ಮೊದಲ ಪೀಟಾ ಹರಿಯಲು ಎರಡೂ ಕೈ ಬೇಕಾದವು. ಇನ್ನೂ ಹದಿಮೂರು ಇದ್ದವು.